ಕಥೆಗೆ ಕಣ್ಣು ಕೊಟ್ಟವರು

ಅಕ್ಷರ ಬಾರದ ಮಗುವಿನ ಕೈಗೆ ಒಂದು ಕಥೆಯ ಪುಸ್ತಕವನ್ನು ಕೊಟ್ಟು ನೋಡಿರಿ. ಅದು ಪುಟಗಳನ್ನು ಸರಸರನೆ ತಿರುವುತ್ತ ಹೋಗಿ, ಚಿತ್ರವಿರುವಲ್ಲಿ ನಿಲ್ಲುತ್ತದೆ. ಬೆರಳಿಟ್ಟು ತೋರಿಸುತ್ತದೆ. ಇವನು ಯಾರು, ಏಕೆ ಅಳುತ್ತಿದ್ದಾನೆ, ಆ ಹುಲಿ ಇವನನ್ನು ತಿಂದುಬಿಡುತ್ತದೆಯೆ ಎಂದು ಕೇಳುತ್ತದೆ. ಓದು ಎಂಬ ದೀರ್ಘ ಪ್ರಯಾಣದ ಮೊದಲ ಹೆಜ್ಜೆ ಈ ಪ್ರಶ್ನೆಗಳೇ. ಅಕ್ಷರಗಳು ಮುಂದೆ ಬಂದು ಕೂಡಿಕೊಳ್ಳುತ್ತವೆ. ಹೀಗಿದ್ದರೂ ಕಥೆ ಬರೆದವರ ಹೆಸರನ್ನು ನಾವು ಕೇಳಿ ತಿಳಿದುಕೊಳ್ಳುತ್ತೇವೆ. ಚಿತ್ರ ಬರೆದವರ ಹೆಸರನ್ನು ಕೇಳುವವರು ವಿರಳ. ಚಿತ್ರವೆಂಬುದು ಕಥೆಗೆ ತೊಡಿಸಿದ ಒಡವೆ, ಇದ್ದರೆ ಚೆಂದ, ಇಲ್ಲದಿದ್ದರೂ ನಡೆಯುತ್ತದೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಸರಿಯಲ್ಲ. ಮಕ್ಕಳ ಪುಸ್ತಕದ ಚಿತ್ರಕಾರನು ಕಥೆಗಾರನ ಸರಿಸಮಾನನಾದ ಗ್ರಂಥಕರ್ತ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ 'ಚಂದಮಾಮ'ದ ಶಂಕರ್ ಅವರ ಬಾಳಿಗಿಂತ ಉತ್ತಮವಾದ ನಿದರ್ಶನ ನನಗೆ ತೋರದು.

ಶಂಕರ್ ಅವರ ಪೂರ್ಣ ಹೆಸರು ಕೆ. ಸಿ. ಶಿವಶಂಕರನ್. ಅವರು ಹುಟ್ಟಿದುದು 1924ರ ಜುಲೈ 19ರಂದು, ತಮಿಳುನಾಡಿನ ಧಾರಾಪುರದ ಸಮೀಪದ ಒಂದು ಹಳ್ಳಿಯಲ್ಲಿ. ತಂದೆ ಶಾಲೆಯ ಉಪಾಧ್ಯಾಯರು. ಬಾಲ್ಯದಲ್ಲಿಯೇ ಮದರಾಸಿಗೆ ಬಂದ ಹುಡುಗನ ಕೈಚಳಕವನ್ನು ಮೊದಲು ಗುರುತಿಸಿದವರು ಅವನ ಶಾಲೆಯ ಚಿತ್ರಕಲಾ ಶಿಕ್ಷಕರು. ಅವರ ಪ್ರೋತ್ಸಾಹದಿಂದ ಶಂಕರ್ ಮದರಾಸಿನ ಸರ್ಕಾರಿ ಕಲಾಶಾಲೆಯನ್ನು ಸೇರಿದರು. ಆಗ ಆ ಶಾಲೆಯ ಮುಖ್ಯಸ್ಥರಾಗಿದ್ದವರು ದೇವೀಪ್ರಸಾದ ರಾಯ್‌ಚೌಧರಿ. ಮದರಾಸಿನ ಸಮುದ್ರತೀರದಲ್ಲಿ, ಬೃಹತ್ತಾದ ಬಂಡೆಯನ್ನು ಮೀಟಿ ಉರುಳಿಸುತ್ತಿರುವ ಶ್ರಮಜೀವಿಗಳ ಶಿಲ್ಪವೊಂದಿದೆ. ಅದನ್ನು ನಿರ್ಮಿಸಿದ ಮಹಾಶಿಲ್ಪಿ ಇವರೇ. ದೇಹದ ಪ್ರತಿಯೊಂದು ಸ್ನಾಯುವಿನ ಸೆಳೆತವನ್ನೂ ಬಲ್ಲ ಇಂತಹ ಗುರುವಿನ ಶಾಲೆಯಲ್ಲಿ ಕಲಿತು, 1946ರಲ್ಲಿ ವ್ಯಾಸಂಗ ಮುಗಿಸಿದ ಶಂಕರ್ 'ಕಲೈಮಗಳ್' ಎಂಬ ತಮಿಳು ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದರು. 1950ರ ದಶಕದ ಆರಂಭದಲ್ಲಿ 'ಚಂದಮಾಮ'ಕ್ಕೆ ಬಂದರು. ಅಲ್ಲಿಂದ ಮುಂದೆ ಸುಮಾರು ಆರು ದಶಕಗಳ ಕಾಲ ಆ ಪತ್ರಿಕೆಯ ಬಾಳೇ ಅವರ ಬಾಳಾಯಿತು.

'ಚಂದಮಾಮ'ದ ಪರಿಚಯವನ್ನೂ ಇಲ್ಲಿ ಹೇಳಬೇಕು. ಚಲನಚಿತ್ರ ನಿರ್ಮಾಪಕರಾದ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಇವರು 1947ರ ಜುಲೈ ತಿಂಗಳಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಕೆಲವೇ ದಿನಗಳ ಮೊದಲು, ತೆಲುಗು ಮತ್ತು ತಮಿಳು ಭಾಷೆಗಳಲ್ಲಿ ಈ ಮಾಸಪತ್ರಿಕೆಯನ್ನು ಹೊರತಂದರು. 1949ರಲ್ಲಿ ಕನ್ನಡ 'ಚಂದಮಾಮ' ಹುಟ್ಟಿತು. ಕ್ರಮೇಣ ಅದು ಹನ್ನೆರಡಕ್ಕೂ ಹೆಚ್ಚು ಭಾಷೆಗಳ ಮಕ್ಕಳ ಪತ್ರಿಕೆಯಾಗಿ ಬೆಳೆಯಿತು. ಪುಟಪುಟಕ್ಕೂ ಚಿತ್ರವಿರಬೇಕೆಂಬುದು ಅದರ ಸ್ಥಾಪಕರ ನಿಯಮವಾಗಿತ್ತು. ಈ ನಿಯಮವನ್ನು ಕಾರ್ಯರೂಪಕ್ಕೆ ತಂದ ಕಲಾವಿದರ ಬಳಗ ದೊಡ್ಡದು. ಮಹಾಭಾರತದ ಪ್ರಸಂಗಗಳನ್ನು ಮುಖಪುಟಗಳಲ್ಲಿ ವರ್ಣಮಯವಾಗಿ ಮೂಡಿಸಿದ ಎಂ. ಟಿ. ವಿ. ಆಚಾರ್ಯ ನಮ್ಮ ಮೈಸೂರಿನವರು. ಮುಂದೆ ಅವರು ಬೆಂಗಳೂರಿನಲ್ಲಿ ಆಚಾರ್ಯ ಚಿತ್ರಕಲಾ ಭವನವನ್ನು ನಡೆಸಿ, ಅಂಚೆಯ ಮೂಲಕವೂ ಚಿತ್ರಕಲೆಯ ಪಾಠಗಳನ್ನು ಕಲಿಸಿದರು. 'ಚಿತ್ರಾ' ಎಂಬ ಹೆಸರಿನಿಂದ ಬರೆಯುತ್ತಿದ್ದ ಟಿ. ವಿ. ರಾಘವನ್, 'ವಪಾ' ಎಂದು ಪ್ರಸಿದ್ಧರಾದ ವಡ್ಡಾದಿ ಪಾಪಯ್ಯ ಇವರೂ ಈ ಬಳಗದವರೇ. ಅವರೆಲ್ಲರ ನಡುವೆ ದೀರ್ಘಕಾಲ ನಿಂತು ದುಡಿದವರು ಶಂಕರ್.

ಈ ಪತ್ರಿಕೆ ನಮ್ಮ ಕಡೆಯ ಹಳ್ಳಿಗಳಿಗೆ ಬರುತ್ತಿದ್ದ ಬಗೆಯೇ ಬೇರೆ. ಸಿದ್ದಾಪುರ ತಾಲ್ಲೂಕಿನ ಮನ್ಮನೆಯಂತಹ ಊರಿನಲ್ಲಿ ಮನೆಯಿಂದ ಮನೆಗೆ ಅಡಿಕೆ ತೋಟವೋ ಗದ್ದೆಯೋ ಹಳ್ಳವೋ ಅಡ್ಡವಿರುತ್ತದೆ. ಪೇಟೆಗೆ ಹೋದ ಹಿರಿಯರು ಸಿದ್ದಾಪುರದಿಂದಲೋ ಶಿರಸಿಯಿಂದಲೋ ತಂದ ಒಂದು ಸಂಚಿಕೆ ಹತ್ತು ಮನೆಗಳನ್ನು ಸುತ್ತುತ್ತಿತ್ತು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಹೊರಗೆ ಸುರಿಯುತ್ತಿರುವಾಗ ನಾವು ಮಕ್ಕಳು ಜಗುಲಿಯ ಮೇಲೆ ಕವುಚಿ ಮಲಗಿ ಅದನ್ನು ನೋಡುತ್ತಿದ್ದೆವು. ನಮ್ಮ ಸರದಿ ಬರುವ ವೇಳೆಗೆ ಹೊರಹೊದಿಕೆ ಹರಿದು, ಮೂಲೆಗಳು ಮುದುರಿ, ಕೆಲವು ಪುಟಗಳು ಕಳೆದೂ ಹೋಗಿರುತ್ತಿದ್ದವು. ಕೊನೆಯ ಪುಟವೇ ಇಲ್ಲದ ಕಥೆಗೆ, ಉಳಿದ ಚಿತ್ರಗಳನ್ನು ನೋಡಿ ನಾವೇ ಕೊನೆಯನ್ನು ಕಟ್ಟಿಕೊಳ್ಳುತ್ತಿದ್ದೆವು. ಆ ಚಿತ್ರಗಳ ಮೂಲೆಯಲ್ಲಿ ಇರುವೆಯ ಸಾಲಿನಂತೆ ಸಣ್ಣದಾಗಿ ಒಂದು ಸಹಿ ಇರುತ್ತಿತ್ತು. ಅದು ಒಬ್ಬ ಮನುಷ್ಯನ ಹೆಸರೆಂಬುದು ಆಗ ನಮ್ಮ ಮನಸ್ಸಿಗೆ ಹೊಳೆಯುತ್ತಿರಲಿಲ್ಲ.

ಚಿತ್ರಕಾರನು ಮಾಡುವ ಕೆಲಸವಾದರೂ ಏನು? 'ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ' ಎಂದು ಕಥೆಗಾರನು ಬರೆದು ಮುಂದಕ್ಕೆ ಹೋಗಬಹುದು. ಚಿತ್ರಕಾರನಿಗೆ ಆ ಸೌಕರ್ಯವಿಲ್ಲ. ರಾಜನ ವಯಸ್ಸೆಷ್ಟು? ಅವನ ಮೈಕಟ್ಟು ಎಂಥದು? ಕಿರೀಟದ ಆಕಾರ ಹೇಗೆ? ಮೀಸೆ ಮೇಲಕ್ಕೆ ತಿರುಗಿದೆಯೋ ಕೆಳಕ್ಕೆ ಇಳಿದಿದೆಯೋ? ಅವನು ಕುಳಿತ ಪೀಠದ ಕಾಲಿನಲ್ಲಿ ಸಿಂಹದ ಮುಖವಿದೆಯೆ? ಹಿಂದಿರುವ ಕಂಬ ಕಲ್ಲಿನದೋ ಮರದ್ದೋ? ಬೆಳಕು ಯಾವ ಕಡೆಯಿಂದ ಬರುತ್ತಿದೆ? ಕಥೆಯಲ್ಲಿ ಒಂದು ಮಾತೂ ಇಲ್ಲದ ಈ ಎಲ್ಲ ಸಂಗತಿಗಳನ್ನು ಚಿತ್ರಕಾರನು ತಾನೇ ನಿರ್ಧರಿಸಬೇಕು. ಮೊದಲನೆಯ ಪುಟದಲ್ಲಿ ಒಮ್ಮೆ ನಿರ್ಧರಿಸಿದ ಮುಖವನ್ನು ಕೊನೆಯ ಪುಟದವರೆಗೂ ಕಾಪಾಡಬೇಕು. ಅದೇ ಮುಖ ನಗುವಾಗ, ಅಳುವಾಗ, ಹಿಂದಿರುಗಿ ನೋಡುವಾಗ ಅದೇ ಮನುಷ್ಯನದೆಂದು ಮಗುವಿಗೆ ತಿಳಿಯಬೇಕು. ಮಗು ಬಹಳ ಕಟ್ಟುನಿಟ್ಟಾದ ಪರೀಕ್ಷಕ. ಎರಡನೆಯ ಪುಟದಲ್ಲಿ ಬಲಗೈಯಲ್ಲಿದ್ದ ಉಂಗುರ ನಾಲ್ಕನೆಯ ಪುಟದಲ್ಲಿ ಎಡಗೈಗೆ ಬಂದರೆ ದೊಡ್ಡವರು ಕಾಣದೆ ಹೋಗಬಹುದು, ಮಗುವಿನ ಕಣ್ಣನ್ನು ತಪ್ಪಿಸಲಾಗದು.

ಇದರ ಜೊತೆಗೆ ಮುದ್ರಣದ ಕಟ್ಟುಪಾಡುಗಳೂ ಇದ್ದವು. ಅಂದಿನ ಪತ್ರಿಕೆಗಳಲ್ಲಿ ಗೆರೆಯ ಚಿತ್ರಗಳನ್ನು ಸಾಮಾನ್ಯವಾಗಿ ಸತುವಿನ ಹಲಗೆಗೆ ಇಳಿಸಿ, 'ಬ್ಲಾಕ್' ಮಾಡಿಸಿ ಅಚ್ಚು ಹಾಕುತ್ತಿದ್ದರು. ಗೆರೆ ಬಹಳ ತೆಳುವಾದರೆ ಅಚ್ಚಿನಲ್ಲಿ ಮುರಿಯುತ್ತಿತ್ತು. ಬಹಳ ಒತ್ತೊತ್ತಾದರೆ ಶಾಯಿ ತುಂಬಿಕೊಂಡು ಮಸಿಯ ಕಲೆಯಾಗುತ್ತಿತ್ತು. ಆದುದರಿಂದ ಚಿತ್ರಕಾರನ ಒಂದೊಂದು ಗೆರೆಯೂ ತೂಗಿ ಎಳೆದ ಗೆರೆಯಾಗಬೇಕಾಗಿತ್ತು. ಪತ್ರಿಕೆ ತಿಂಗಳು ತಿಂಗಳೂ ಹೊರಡಲೇಬೇಕು. ಮನಸ್ಸಿಗೆ ಸ್ಫೂರ್ತಿ ಬರಲೆಂದು ಕಾಯುವಂತಿಲ್ಲ. ಬೆಳಿಗ್ಗೆ ಬಂದು ಮೇಜಿನ ಮುಂದೆ ಕುಳಿತು, ಕೊಟ್ಟ ಕಥೆಯನ್ನು ಓದಿ, ಮನಸ್ಸಿನಲ್ಲಿ ಕಂಡು, ಕಾಗದದ ಮೇಲೆ ಇಳಿಸಬೇಕು. ಅದನ್ನು ಒಂದು ವರ್ಷ ಮಾಡುವುದೇ ಕಷ್ಟ. ಶಂಕರ್ ಆರು ದಶಕಗಳ ಕಾಲ ಮಾಡಿದರು. ರಾಮಾಯಣ, ಮಹಾಭಾರತ, ಪುರಾಣಕಥೆಗಳು, ಜಾನಪದ ಕಥೆಗಳು ಅವರ ಕುಂಚದಲ್ಲಿ ರೂಪ ಪಡೆದವು.

ಈ ಅಪಾರ ರಾಶಿಯಲ್ಲಿ ಒಂದು ಚಿತ್ರ ಮಾತ್ರ ಜನರ ಮನಸ್ಸಿನಲ್ಲಿ ಅಚ್ಚಳಿಯದೆ ನಿಂತಿತು. ಕಗ್ಗತ್ತಲ ಸ್ಮಶಾನ. ಒರೆಯಿಂದ ಹಿರಿದ ಖಡ್ಗವನ್ನು ಹಿಡಿದು ರಾಜನೊಬ್ಬನು ದೃಢವಾದ ಹೆಜ್ಜೆಯಿಡುತ್ತ ಬರುತ್ತಿದ್ದಾನೆ. ಅವನ ಹೆಗಲ ಮೇಲೆ ಒಂದು ಶವ. ಅದರೊಳಗೆ ಬೇತಾಳ. ಬೇತಾಳ ಕಥೆಗಳಿಗಾಗಿ ಶಂಕರ್ 1960ರ ದಶಕದಲ್ಲಿ ರೂಪಿಸಿದ ಚಿತ್ರ ಇದು. ಬೇತಾಳನ ಕಥೆಗಳು ಬಹು ಹಳೆಯವು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಚಿಸಿದ 'ಕಥಾಸರಿತ್ಸಾಗರ'ದಲ್ಲಿ ಇವು ಸೇರಿವೆ. ಅಲ್ಲಿ ಶವವನ್ನು ಹೊತ್ತು ತರುವ ರಾಜನ ಹೆಸರು ತ್ರಿವಿಕ್ರಮಸೇನ. ಮೂಲದಲ್ಲಿ ಇಪ್ಪತ್ತೈದರ ಲೆಕ್ಕದಲ್ಲಿದ್ದ ಈ ಕಥೆಗಳನ್ನು 'ಚಂದಮಾಮ'ವು ಅದೇ ಚೌಕಟ್ಟಿನಲ್ಲಿ ಹೊಸ ಹೊಸ ಕಥೆಗಳನ್ನು ಕೂಡಿಸುತ್ತ ದಶಕಗಳ ಕಾಲ ನಡೆಸಿಕೊಂಡು ಬಂದಿತು. ಹಿಡಿದ ಕೆಲಸವನ್ನು ಬಿಡದವನನ್ನು 'ಛಲಬಿಡದ ತ್ರಿವಿಕ್ರಮ' ಎಂದು ನಮ್ಮ ಜನ ಇಂದಿಗೂ ಕರೆಯುತ್ತಾರೆ. ಆ ಮಾತನ್ನು ಆಡುವ ಅನೇಕರ ಕಣ್ಣ ಮುಂದೆ ನಿಲ್ಲುವ ಆಕೃತಿ ಸೋಮದೇವನು ವರ್ಣಿಸಿದ್ದಲ್ಲ, ಶಂಕರ್ ಬರೆದದ್ದು.

ಆ ಚಿತ್ರದ ಗುಣವನ್ನು ಸ್ವಲ್ಪ ಆಲೋಚಿಸಿ ನೋಡಬೇಕು. ಅಲ್ಲಿ ಹೆದರಿಸುವ ವಸ್ತುಗಳೆಲ್ಲವೂ ಇವೆ. ಆದರೆ ಚಿತ್ರದ ಕೇಂದ್ರದಲ್ಲಿ ಭಯವಿಲ್ಲ, ಭಯದ ನಡುವೆ ನಡೆಯುತ್ತಿರುವ ಮನುಷ್ಯನಿದ್ದಾನೆ. ಅವನು ಓಡುತ್ತಿಲ್ಲ, ಹಿಂದಿರುಗಿ ನೋಡುತ್ತಿಲ್ಲ. ರಾತ್ರಿ ಒಬ್ಬನೇ ಹಿತ್ತಲಿಗೆ ಹೋಗಲು ಅಂಜುವ ಹುಡುಗನಿಗೆ 'ಧೈರ್ಯವಾಗಿರು' ಎಂದು ನೂರು ಸಲ ಹೇಳಿದರೂ ಆಗದ ಉಪಕಾರವನ್ನು ಈ ಒಂದು ಚಿತ್ರ ಮಾಡಬಲ್ಲದು. ಮತ್ತೊಂದು ವಿಶೇಷವಿದೆ. ಬೇತಾಳನ ಪ್ರತಿಯೊಂದು ಕಥೆಯೂ ಒಂದು ಪ್ರಶ್ನೆಯಲ್ಲಿ ಮುಗಿಯುತ್ತದೆ. ರಾಜನು ಉತ್ತರ ಹೇಳಿದೊಡನೆ ಮೌನ ಮುರಿದು ಶವವು ಮತ್ತೆ ಮರವನ್ನು ಸೇರುತ್ತದೆ. ಶಂಕರ್ ತಮ್ಮ ಚಿತ್ರಕ್ಕೆ ಆರಿಸಿಕೊಂಡದ್ದು ಉತ್ತರದ ಗಳಿಗೆಯನ್ನಲ್ಲ, ಅದಕ್ಕೆ ಮೊದಲಿನ ನಡಿಗೆಯನ್ನು. ಓದುಗನು ತಾನೇ ಯೋಚಿಸಲೆಂದು ಚಿತ್ರವು ಜಾಗ ಬಿಟ್ಟು ನಿಂತಿದೆ.

ಚಿತ್ರಗಳು ಹೆಚ್ಚಾದರೆ ಮಕ್ಕಳ ಕಲ್ಪನಾಶಕ್ತಿ ಕುಂದುತ್ತದೆ ಎಂದು ವಾದಿಸುವವರುಂಟು. ಎಲ್ಲವನ್ನೂ ಕಣ್ಣಿಗೆ ಕಟ್ಟಿ ತೋರಿಸಿದ ಮೇಲೆ ಮನಸ್ಸು ಊಹಿಸುವುದೇನು ಎಂಬುದು ಅವರ ಪ್ರಶ್ನೆ. ಕೆಟ್ಟ ಚಿತ್ರದ ವಿಷಯದಲ್ಲಿ ಈ ಮಾತು ನಿಜ. ಒಳ್ಳೆಯ ಚಿತ್ರದ ವಿಷಯದಲ್ಲಿ ಅನುಭವವು ಬೇರೆ ಮಾತನ್ನೇ ಹೇಳುತ್ತದೆ. ನಮ್ಮ ಮನೆಯಲ್ಲಿ ಅಕ್ಷರ ಬಾರದ ಅಜ್ಜಿಯಿದ್ದರು. ನಮ್ಮ ಕೈಯಿಂದ 'ಚಂದಮಾಮ'ವನ್ನು ತೆಗೆದುಕೊಂಡು, ದೀಪದ ಬುಡದಲ್ಲಿ ಹಿಡಿದು, ಚಿತ್ರಗಳನ್ನು ನೋಡುತ್ತ ಅವರೇ ಕಥೆ ಹೇಳುತ್ತಿದ್ದರು. ಅಚ್ಚಾದ ಕಥೆಯಲ್ಲಿ ರಾಜನು ತಲೆ ತಗ್ಗಿಸಿ ಕುಳಿತದ್ದು ಶತ್ರುವಿನ ಚಿಂತೆಯಿಂದ. ಅಜ್ಜಿಯ ಕಥೆಯಲ್ಲಿ ಅವನಿಗೆ ಬೆಳೆದ ಮಗಳ ಮದುವೆಯ ಚಿಂತೆ. ಪುಸ್ತಕದಲ್ಲಿ ಹಾಗಿಲ್ಲವೆಂದು ನಾವು ಕೂಗಿದರೆ, ಅವನ ಮುಖ ನೋಡಿದರೆ ತಿಳಿಯುವುದಿಲ್ಲವೇ ಎಂದು ಅವರು ನಮ್ಮನ್ನೇ ಗದರಿಸುತ್ತಿದ್ದರು. ಒಂದು ಮುಖದಿಂದ ಎರಡು ಕಥೆಗಳು ಹುಟ್ಟಿದವು. ಆ ಚಿತ್ರವು ಕಲ್ಪನೆಯ ಬಾಗಿಲನ್ನು ಮುಚ್ಚಿತೆಂದು ಯಾರು ಹೇಳಬಲ್ಲರು? ಓದು ಬಾರದವರನ್ನೂ ಪುಸ್ತಕದ ಒಳಗೆ ಕರೆದುಕೊಳ್ಳುವ ಶಕ್ತಿ ಅದಕ್ಕಿತ್ತು.

ಚಿತ್ರದ ಮತ್ತೊಂದು ಹಿರಿಮೆಯೆಂದರೆ ಅದಕ್ಕೆ ಅನುವಾದದ ಅಗತ್ಯವಿಲ್ಲದಿರುವುದು. ಕಥೆಯನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವಾಗ ಏನಾದರೂ ಕಳೆದುಹೋಗುತ್ತದೆ, ಏನಾದರೂ ಸೇರಿಕೊಳ್ಳುತ್ತದೆ. ಚಿತ್ರವಾದರೋ ಹೇಗಿತ್ತೋ ಹಾಗೆಯೇ ಗಡಿ ದಾಟುತ್ತದೆ. ತಮಿಳು ಮನೆಮಾತಿನ ಕಲಾವಿದನೊಬ್ಬ ಮದರಾಸಿನಲ್ಲಿ ಬರೆದ ಚಿತ್ರವನ್ನು ಸಿದ್ದಾಪುರದ ಹುಡುಗಿ ಕನ್ನಡದಲ್ಲಿ, ಆಂಧ್ರದ ಹುಡುಗ ತೆಲುಗಿನಲ್ಲಿ, ಒಡಿಶಾದ ಮಗು ಒಡಿಯಾದಲ್ಲಿ 'ಓದುತ್ತಿದ್ದರು'. ಅವನು ಬೇರೆ ಭಾಷೆಯವನೆಂಬ ಭಾವನೆ ಅವರಲ್ಲಿ ಯಾರಿಗೂ ಬರಲಿಲ್ಲ. ದೇಶದ ಏಕತೆಯನ್ನು ಕುರಿತು ನಾವು ಅನೇಕ ಭಾಷಣಗಳನ್ನು ಕೇಳಿದ್ದೇವೆ. ಭಾಷಣವಿಲ್ಲದೆಯೇ ಅದನ್ನು ಮಕ್ಕಳ ಮನಸ್ಸಿನಲ್ಲಿ ಬೆಳೆಸಿದವರಲ್ಲಿ ಶಂಕರ್ ಒಬ್ಬರು.

ಹೀಗೆಂದ ಮಾತ್ರಕ್ಕೆ ಆ ಚಿತ್ರಲೋಕದಲ್ಲಿ ಕೊರತೆಯೇ ಇರಲಿಲ್ಲವೆಂದು ಅರ್ಥವಲ್ಲ. ಅರಮನೆ, ಆಸ್ಥಾನ, ಸ್ಮಶಾನ, ಹಳ್ಳಿಯ ಚಾವಡಿ, ಎತ್ತಿನ ಗಾಡಿ ಇವೆಲ್ಲ ಅಲ್ಲಿ ತುಂಬಿದ್ದವು. ನಮ್ಮ ಮಲೆನಾಡಿನ ಮಗು ಮಾತ್ರ ತನ್ನ ಮನೆಯನ್ನು ಅಲ್ಲಿ ಹುಡುಕಿ ಹುಡುಕಿ ಸೋಲುತ್ತಿತ್ತು. ಗೊರಬು ಹೊದ್ದು ನಾಟಿ ಮಾಡುವ ಹೆಂಗಸರು, ಕಂಬಳಿಕೊಪ್ಪೆಯ ಒಳಗೆ ಪುಸ್ತಕದ ಚೀಲವನ್ನು ಅಡಗಿಸಿಕೊಂಡು ಸಂಕ ದಾಟುವ ಹುಡುಗರು, ಹಾಳೆಟೊಪ್ಪಿಯ ಕೊನೆಗೌಡ ಅಡಿಕೆ ಮರದ ತುದಿಯಿಂದ ಹಗ್ಗದ ಮೇಲೆ ಕೊನೆಯನ್ನು ಇಳಿಬಿಡುವ ನೋಟ ಇವು ಆ ಪುಟಗಳಲ್ಲಿ ಕಾಣುತ್ತಿರಲಿಲ್ಲ. ಇದು ಶಂಕರ್ ಅವರ ದೋಷವಲ್ಲ. ಮನುಷ್ಯನು ತಾನು ಕಂಡ ಲೋಕವನ್ನು ಬರೆಯುತ್ತಾನೆ. ನಮ್ಮ ಲೋಕವನ್ನು ನಮ್ಮವರೇ ಬರೆಯಬೇಕು. ಒಬ್ಬ ದೊಡ್ಡ ಕಲಾವಿದನಿಂದ ಪಡೆದ ಋಣವನ್ನು ತೀರಿಸುವ ಬಗೆ ಅವನ ಗೆರೆಗಳನ್ನು ನಕಲು ಮಾಡುವುದರಲ್ಲಿಲ್ಲ. ಅವನು ಬರೆಯದೆ ಬಿಟ್ಟದ್ದನ್ನು ಅವನಷ್ಟೇ ಶ್ರದ್ಧೆಯಿಂದ ಬರೆಯುವುದರಲ್ಲಿದೆ.

ಬರೆಯುವ ಕೈ ನಮ್ಮಲ್ಲಿಲ್ಲವೆ? ಶಿರಸಿ, ಸಿದ್ದಾಪುರ, ಸಾಗರ ಸೀಮೆಯ ದೀವರ ಮನೆಗಳಲ್ಲಿ ಹಸೆ ಚಿತ್ತಾರವೆಂಬ ಭಿತ್ತಿಚಿತ್ರದ ಸಂಪ್ರದಾಯವಿದೆ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ, ಅಕ್ಕಿಯನ್ನು ಅರೆದು ಮಾಡಿದ ಬಿಳಿಯ ಬಣ್ಣದಿಂದ, ಪುಂಡಿಯ ನಾರಿನ ಕುಂಚ ಹಿಡಿದು ಹೆಣ್ಣುಮಕ್ಕಳು ಎಳೆಯುವ ಗೆರೆಗಳು ಎಷ್ಟು ನೇರವೆಂದರೆ, ಅಳತೆಪಟ್ಟಿ ಇಟ್ಟು ಎಳೆದವೋ ಎಂಬ ಭ್ರಮೆ ಹುಟ್ಟುತ್ತದೆ. ಮದುವೆಯ ಮನೆಗೆ ಕಳೆ ಬರುವುದು ಈ ಚಿತ್ತಾರದಿಂದ. ಭೂಮಿ ಹುಣ್ಣಿಮೆಯಂದು ಹೊಲಕ್ಕೆ ಹೊರುವ ಭೂಮಣ್ಣಿ ಬುಟ್ಟಿಯ ಮೇಲೂ ಈ ಗೆರೆಗಳೇ ಮೂಡುತ್ತವೆ. ಬರೆದ ಚಿತ್ತಾರಗಿತ್ತಿಯ ಹೆಸರು ಮಾತ್ರ ಗೋಡೆಯ ಮೇಲಿರುವುದಿಲ್ಲ. ಪುಸ್ತಕದ ಚಿತ್ರಕಾರನಿಗೂ ಗೋಡೆಯ ಚಿತ್ತಾರಗಿತ್ತಿಗೂ ಇರುವ ಬಂಧುತ್ವ ಇದು. ಇಬ್ಬರ ಕೆಲಸವನ್ನೂ ನೋಡಿ ನಾವು ಆನಂದಪಡುತ್ತೇವೆ, ಇಬ್ಬರ ಹೆಸರನ್ನೂ ಕೇಳದೆ ಹೊರಟುಹೋಗುತ್ತೇವೆ.

ಲೋಕದ ಅನೇಕ ಕಡೆಗಳಲ್ಲಿ ಈ ಮರವೆಗೆ ಪರಿಹಾರ ಹುಡುಕಿದ್ದಾರೆ. ಮಕ್ಕಳಿಗೆ ಚಿತ್ರದ ಮೂಲಕವೇ ಕಲಿಸಬೇಕೆಂದು 1658ರಷ್ಟು ಹಿಂದೆಯೇ ಕೊಮೇನಿಯಸ್ ಎಂಬ ಚೆಕ್ ಶಿಕ್ಷಣತಜ್ಞನು ಚಿತ್ರಮಯವಾದ ಪಠ್ಯಪುಸ್ತಕವನ್ನು ಪ್ರಕಟಿಸಿದನು. ಚಿತ್ರದೊಳಗಿನ ವಸ್ತುಗಳಿಗೆ ಅಂಕಿಗಳನ್ನು ಕೊಟ್ಟು, ಅವುಗಳ ಹೆಸರನ್ನು ಪಕ್ಕದಲ್ಲಿ ಬರೆದ ಆ ಕ್ರಮ ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಇಂದಿಗೂ ಇದೆ. ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ಆಂಡರ್ಸನ್ ಹೆಸರಿನ ಅಂತರರಾಷ್ಟ್ರೀಯ ಪ್ರಶಸ್ತಿಯನ್ನು 1966ರಿಂದ ಚಿತ್ರಕಾರರಿಗೂ ಪ್ರತ್ಯೇಕವಾಗಿ ಕೊಡುತ್ತ ಬಂದಿದ್ದಾರೆ. ನಮ್ಮಲ್ಲಿ ಗೌರವವು ನಿಧಾನವಾಗಿ ನಡೆದು ಬರುತ್ತದೆ. 'ಚಂದಮಾಮ'ವು 1998ರಲ್ಲಿ ಕೆಲಕಾಲ ನಿಂತು ಮತ್ತೆ ಆರಂಭವಾಯಿತು. 2013ರ ವೇಳೆಗೆ ಅದರ ಮುದ್ರಣ ನಿಂತೇಹೋಯಿತು. ಶಂಕರ್ ಕುಂಚವನ್ನು ಕೆಳಗಿಡಲಿಲ್ಲ. ತೊಂಬತ್ತರ ಆಸುಪಾಸಿನಲ್ಲಿಯೂ ರಾಮಕೃಷ್ಣ ಮಠದ ತಮಿಳು ಮಾಸಪತ್ರಿಕೆಗೆ ಚಿತ್ರ ಬರೆದರು. 2020ರ ಸೆಪ್ಟೆಂಬರ್ 29ರಂದು, ತೊಂಬತ್ತಾರು ತುಂಬಿದ ಪ್ರಾಯದಲ್ಲಿ, ಚೆನ್ನೈಯಲ್ಲಿ ತೀರಿಕೊಂಡರು. ಭಾರತ ಸರ್ಕಾರದ ಪದ್ಮಶ್ರೀ ಪ್ರಶಸ್ತಿ ಅವರಿಗೆ ಪ್ರಕಟವಾದುದು 2021ರಲ್ಲಿ, ಮರಣಾನಂತರ. ಪುಟಪುಟಗಳಲ್ಲಿ ಸಾವಿರಾರು ಮುಖಗಳಿಗೆ ಜೀವ ಕೊಟ್ಟವರು ತಮಗೆ ಸಂದ ಆ ಗೌರವವನ್ನು ಕಣ್ಣಾರೆ ಕಾಣಲಿಲ್ಲ.

ಇಂದು ಮಕ್ಕಳ ಕೈಗೆ ಬರುವ ಪುಸ್ತಕಗಳಿಗೆ ಬಣ್ಣದ ಕೊರತೆಯಿಲ್ಲ. ಎಲ್ಲಿಂದಲೋ ಎತ್ತಿಕೊಂಡ ಚಿತ್ರಗಳನ್ನು ಯಾವ ಕಥೆಗಾದರೂ ಅಂಟಿಸಿ ಮಾರುವುದು ಸುಲಭವಾಗಿದೆ. ಹೇಳಿದ್ದನ್ನು ಕ್ಷಣಾರ್ಧದಲ್ಲಿ ಚಿತ್ರ ಮಾಡಿಕೊಡುವ ಯಂತ್ರಗಳೂ ಬಂದಿವೆ. ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಹುಡುಗನೊಬ್ಬ ಕಾಲು ಜಾರದಂತೆ ಹೆಬ್ಬೆರಳನ್ನು ಊರಿ ಒದ್ದೆ ಸಂಕ ದಾಟುವುದನ್ನು ಬರೆಯಬೇಕಾದರೆ, ಬರೆಯುವವನು ಅಂಥ ಹುಡುಗನನ್ನು ಒಮ್ಮೆಯಾದರೂ ನಿಂತು ನೋಡಿರಬೇಕು. ಆ ನೋಟಕ್ಕೆ ತಗಲುವ ಕಾಲವನ್ನು ಉಳಿಸಹೊರಟರೆ, ಚಿತ್ರ ಉಳಿಯುತ್ತದೆ, ಹುಡುಗ ಕಳೆದುಹೋಗುತ್ತಾನೆ. ಅಗ್ಗವಾದ ಚಿತ್ರವನ್ನು ಕಂಡು ಬೆಳೆದ ಕಣ್ಣು ಮುಂದೆ ಮನುಷ್ಯರ ಮುಖವನ್ನೂ ಅಷ್ಟೇ ಅವಸರದಿಂದ ನೋಡುವುದನ್ನು ಕಲಿಯುತ್ತದೆಯೆಂಬ ಭಯ ನನಗಿದೆ.

ಆದುದರಿಂದ ಪ್ರಕಾಶಕರು ಕಥೆಗಾರನ ಹೆಸರಿನ ಪಕ್ಕದಲ್ಲಿಯೇ, ಅದೇ ಗಾತ್ರದ ಅಕ್ಷರಗಳಲ್ಲಿ, ಚಿತ್ರಕಾರನ ಹೆಸರನ್ನೂ ಅಚ್ಚು ಹಾಕಬೇಕು. ಶಾಲೆಗಳಲ್ಲಿ ಚಿತ್ರಕಲೆಯ ಅವಧಿಯನ್ನು ಬೇರೆ ಪಾಠ ಮುಗಿಸಿಕೊಳ್ಳುವ ಬಿಡುವಿನ ಅವಧಿಯೆಂದು ಎಣಿಸಬಾರದು. ಶಂಕರ್ ಅವರಂಥವರ ದಾರಿ ತೆರೆದದ್ದು ಶಾಲೆಯೊಂದರ ಚಿತ್ರಕಲಾ ಶಿಕ್ಷಕರಿಂದ ಎಂಬುದು ನೆನಪಿರಬೇಕು. ವಿದ್ಯಾರ್ಥಿಗಳಾದ ನೀವು ಮಾಡಬಹುದಾದ ಕೆಲಸ ಇದಕ್ಕಿಂತ ಸುಲಭ. ಇನ್ನು ಮುಂದೆ ಚಿತ್ರವಿರುವ ಪುಸ್ತಕವೊಂದು ಕೈಗೆ ಬಂದಾಗ, ಬರೆದವರ ಹೆಸರನ್ನು ಹುಡುಕಿರಿ. ಅದು ಪುಟದ ಮೂಲೆಯಲ್ಲಿ, ಹುಲ್ಲಿನ ಗೆರೆಗಳ ನಡುವೆ, ಅತಿ ಸಣ್ಣದಾಗಿ ಅಡಗಿರಬಹುದು. ಹುಡುಕಿ, ಗಟ್ಟಿಯಾಗಿ ಓದಿ, ಪಕ್ಕದವರಿಗೂ ಹೇಳಿರಿ. ಮದುವೆಯ ಮನೆಯಲ್ಲಿ ಚಿತ್ತಾರವನ್ನು ಕಂಡಾಗ, ಇದನ್ನು ಬರೆದವರಾರು ಎಂದು ವಿಚಾರಿಸಿರಿ. ಕೇಳುವವರಿದ್ದಾರೆಂದು ತಿಳಿದ ಕೈ ಇನ್ನೊಂದು ಗೋಡೆಗೂ ಕುಂಚ ಹಿಡಿಯುತ್ತದೆ.